ಡ್ರಾಯರಿನಲ್ಲಿದ್ದ ಟವಲು

ಶಾಮಿಯಾನದ ಕಂಬಕ್ಕೆ ಒರಗಿ ಬೀಡಿ ಹಚ್ಚಲು ಹೋದ ಚಿಕ್ಕಸ್ವಾಮಿ, ಒಳಗಿನಿಂದ ಹೆಂಗಸರ ಅಳು ಕೇಳಿದ್ದೇ ತಡ, ಕಡ್ಡಿ ಆರಿಸಿ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡ. ಪಾಂಡವಪುರದ ಆ ಗಲ್ಲಿಯ ತುಂಬ ಬಿಳಿ ಟೋಪಿಗಳು. ಪೊಲೀಸ್ ಕೆಲಸದಿಂದ ನಿವೃತ್ತರಾಗಿದ್ದ ದಫೇದಾರ್ ಸೈಫುಲ್ಲಾ ಸಾಹೇಬರು ಬೆಳಗಿನ ಜಾವ ತೀರಿಕೊಂಡಿದ್ದರು. ಸುದ್ದಿ ಕೇಳಿ ಚಿನಕುರಳಿಯಿಂದ ಬಸ್ಸು ಹತ್ತಿದ್ದೇನೋ ಸರಿ, ಬಂದು ಮಾಡುವುದೇನು? ಕೇಳಬೇಕೆಂದಿದ್ದ ಒಂದೇ ಒಂದು ಮಾತಿಗೆ ಉತ್ತರ ಕೊಡಬೇಕಾದವರು ಒಳಗೆ ಬಿಳಿ ಬಟ್ಟೆ ಹೊದ್ದು ಮಲಗಿದ್ದಾರೆ. ಹಾಳಾದ್ದು, ಇಷ್ಟು ವರ್ಷ ನನ್ನ ಬಾಯಿಗೇನಾಗಿತ್ತು ಅಂತ ತನ್ನನ್ನೇ ಬಯ್ದುಕೊಂಡ.

ಸಾಹೇಬರ ಮಗ ಅಫ್ರೋಜ್ ಹೊರಗೆ ಬಂದ. ಕಣ್ಣು ಕೆಂಪಾಗಿತ್ತು.

"ಖಬರಸ್ತಾನಕ್ಕೆ ಬರ್ತೀರಲ್ವಾ ಅಣ್ಣಾ? ತಲೆಗೆ ಏನಾದ್ರೂ ಇರ್ಬೇಕು. ಇದು ಅಬ್ಬಾದು, ಕಟ್ಕೊಳ್ಳಿ," ಎಂದು ಕೆಂಪಂಚಿನ ಟವಲೊಂದನ್ನು ಕೈಗಿಟ್ಟು ಹೋದ.

ಚಿಕ್ಕಸ್ವಾಮಿ ಅದನ್ನು ಕುರ್ಚಿಯ ಮೇಲಿಟ್ಟು ದೂರ ಸರಿದ. ಹೆಗಲ ಮೇಲೆ ಟವಲಿಲ್ಲದ ರೈತ ಅಂತ ಊರಲ್ಲಿ ಅವನನ್ನು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ. ಅದರ ಉರಿ ಅವನೊಬ್ಬನಿಗೇ ಗೊತ್ತು.

* * *

ಆಗಿನ್ನೂ ಅವನ ಮೀಸೆ ನರೆತಿರಲಿಲ್ಲ. ಗೌಡರ ಬಾವಿಯಿಂದ ಪಂಪ್‌ಸೆಟ್ಟಿನ ಮೋಟರು ಕಳುವಾಗಿ, ಅವನನ್ನು ಸ್ಟೇಷನ್ನಿಗೆ ಕರೆಸಿದ್ದರು. ತನ್ನನ್ನೇ ಯಾಕೆ ಕರೆಸಿದರು ಅಂತ ಅವನಿಗೆ ತಿಳಿಯಲಿಲ್ಲ. ಸೈಫುಲ್ಲಾ ಸಾಹೇಬರು ಟೀ ತರಿಸಿ, "ಆವತ್ತು ಎದ್ದಾಗಿಂದ ಏನೇನ್ ಮಾಡ್ದೆ, ನಿಧಾನಕ್ಕೆ ಹೇಳಪ್ಪ" ಎಂದರು. ಹಾಲು ಕರೆದದ್ದು, ಡೈರಿಗೆ ಹಾಕಿದ್ದು, ಹುಲ್ಲು ಕೊಯ್ದದ್ದು, ಎಲ್ಲ ಹೇಳುತ್ತಾ ಹೋದ.

"ಗೌಡ್ರ ಬಾವಿತಾವ ಕೈಕಾಲ್ ತೊಳ್ಕಂಡೆ ಸಾ. ಕಟ್ಟೆ ಮ್ಯಾಲೆ ಟವಲ್ ಒಣಾಕ್ದೋನು ಮರ್ತು ಬಂದ್ಬುಟ್ಟೆ. ಬೆಳಿಗ್ಗೆ ಓಗಿ ನೋಡುದ್ರೆ ಟವಲೂ ಇಲ್ಲ, ಮೋಟ್ರೂ ಇಲ್ಲ."

ಪಕ್ಕದಲ್ಲಿದ್ದ ಕಾನ್‌ಸ್ಟೇಬಲ್ ತಿಮ್ಮರಾಜು ಸಾಹೇಬರ ಮುಖ ನೋಡಿದ. ಸಾಹೇಬರು ಡ್ರಾಯರು ಎಳೆದು ಟವಲು ತೆಗೆದು ಮೇಜಿನ ಮೇಲಿಟ್ಟರು.

"ಇದೇನಾ?"

ಚಿಕ್ಕಸ್ವಾಮಿ ಅಂಚು ಮುಟ್ಟಿ ನೋಡಿದ. "ಊಂ ಸಾ, ಇದೇಯ."

"ಸರಿ, ಹೋಗು."

ಅಷ್ಟೇ. ನಂಬಿದೆ ಅಂತಲೂ ಅನ್ನಲಿಲ್ಲ, ಕಳ್ಳ ಅಂತಲೂ ಅನ್ನಲಿಲ್ಲ. ಮೋಟರೂ ಸಿಗಲಿಲ್ಲ, ಕದ್ದವನೂ ಸಿಗಲಿಲ್ಲ. ಕಳುವಾದ ಜಾಗದಲ್ಲಿ ಅವನ ಟವಲು ಸಿಕ್ಕ ಸುದ್ದಿ ಮಾತ್ರ ಊರೆಲ್ಲ ಸುತ್ತಿತು. ಅದನ್ನು ಒಳಗಿಟ್ಟುಕೊಂಡೇ, ಏನೂ ಗೊತ್ತಿಲ್ಲದವರ ಹಾಗೆ ಟೀ ಕುಡಿಸಿ ಬಾಯಿ ಬಿಡಿಸಿದರಲ್ಲ ಎಂಬ ನೋವು ಅವನನ್ನು ಬಿಡಲಿಲ್ಲ.

* * *

"ಏನ್ಲಾ ಚಿಕ್ಕಸ್ವಾಮಿ, ಇನ್ನೂ ಟವಲ್ ಕಂಡ್ರೆ ಆಗಾಕಿಲ್ವಾ?"

ತಲೆಯೆಲ್ಲ ಬೆಳ್ಳಗಾಗಿದ್ದರೂ ತಿಮ್ಮರಾಜುವಿನ ದನಿ ಗುರುತು ಸಿಕ್ಕಿತು. ಚಿಕ್ಕಸ್ವಾಮಿ ತಡೆದುಕೊಳ್ಳಲಾರದೆ ಕೇಳಿಯೇಬಿಟ್ಟ.

"ನೀವಾದ್ರೂ ನಿಜ ಏಳಿ ಸಾ. ಅವ್ರು ನನ್ನ ನಂಬಿದ್ರಾ? ಇಲ್ಲಾ ಸಾಕ್ಷಿ ಸಾಲ್ದೆ ಬುಟ್ರಾ?"

ತಿಮ್ಮರಾಜು ಕುರ್ಚಿಯ ಮೇಲಿದ್ದ ಟವಲನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

"ಆವತ್ತು ನೀನು ಬರೋಕ್ ಮುಂಚೆ, ನಿನ್ ಟವಲ್ನ ನಿನ್ ಮುಖುಕ್ ಎಸ್ದು ಕೇಳಾನ ಅಂತ ನಾನೇ ಎತ್ಕಂಡಿದ್ದೆ ಕಣ್ಲಾ. ಸಾಹೇಬ್ರು ಕಿತ್ಕಂಡು ಡ್ರಾಯರಿಗಾಕುದ್ರು. 'ಮೊದ್ಲೇ ತೋರಿಸ್ಬಿಟ್ರೆ ಅವನು ನಿಜ ಹೇಳಿದ್ರೂ, ಟವಲ್ ನೋಡಿ ಕಟ್ಟಿದ ಕತೆ ಅಂತ ನೀನೇ ಅಂತೀಯ. ತಪ್ಪಿಲ್ದವನಾಗಿದ್ರೆ ಅವನಾಗೇ ಹೇಳ್ಕೊಳ್ಲಿ' ಅಂದ್ರು. ನೀನು ಅತ್ಲಾಗ್ ಓದ್ಮೇಲೆ, 'ಇನ್ನು ಆ ಮನುಷ್ಯನ ಬಾಗಿಲಿಗೆ ಯಾರೂ ಹೋಗ್ಕೂಡ್ದು' ಅಂದ್ರು. ಯಾರಾದ್ರೂ ಬಂದಿದ್ವಾ?"

ಯಾರೂ ಬಂದಿರಲಿಲ್ಲ. ಅದು ಇಷ್ಟು ವರ್ಷ ಚಿಕ್ಕಸ್ವಾಮಿಗೆ ಹೊಳೆದೇ ಇರಲಿಲ್ಲ.

"ನಂಗೊಂದ್ ಮಾತು ಏಳ್ಬಾರ್ದಿತ್ತಾ ಸಾ?"

"ನೀನೊಂದ್ ಮಾತು ಕೇಳ್ಬಾರ್ದಿತ್ತಾ?"

ಒಳಗೆ ಸಾಹೇಬರ ಮಯ್ಯತ್ ಹೆಗಲಿಗೆ ಎತ್ತಿದರು. ಚಿಕ್ಕಸ್ವಾಮಿ ಟವಲಿಗೆ ಕೈ ಚಾಚಿ, ತಲೆಗೆ ಸುತ್ತಿಕೊಂಡು ಹಿಂದೆಯೇ ನಡೆದ. ಖಬರಸ್ತಾನದಲ್ಲಿ ಎಲ್ಲರಂತೆ ಅವನೂ ಬಗ್ಗಿ ಮೂರು ಹಿಡಿ ಮಣ್ಣು ಹಾಕಿದ. ಅಳು ತಡೆಯಲಾಗಲಿಲ್ಲ.

ವಾಪಸ್ಸು ಕೊಡಲು ಹೋದರೆ ಅಫ್ರೋಜ್, "ಇರ್ಲಿ ಬಿಡಿ ಅಣ್ಣಾ" ಎಂದ.

ಚಿನಕುರಳಿಯಲ್ಲಿ ಬಸ್ಸು ನಿಂತಾಗ ಅರಳಿಕಟ್ಟೆಯ ತುಂಬ ಜನ. ಚಿಕ್ಕಸ್ವಾಮಿ ಮೆಟ್ಟಿಲಿನ ಮೇಲೇ ಒಂದು ಗಳಿಗೆ ನಿಂತು, ಟವಲನ್ನು ತಲೆಯಿಂದ ಬಿಚ್ಚಿ ಕೊಡವಿ, ಹೆಗಲಿಗೆ ಹಾಕಿಕೊಂಡು ಇಳಿದ.