ಉಜ್ವಲಾ ಕೂಗಿದ ಮಾತು

ಮುರುಮ ಎಂಬ ಊರಿನ ಧಾನ್ಯ ವ್ಯಾಪಾರಿ ರವಿಕಾಂತನ ಹೆಂಡತಿ ಉಜ್ವಲಾಳಿಗೆ ಆ ಮನೆಯಲ್ಲಿ ಮಾತಿಗೆ ಇದ್ದವಳು ಏಳು ವರ್ಷದ ಮಗಳು ವೈಷ್ಣವಿ ಒಬ್ಬಳೇ. ಗಂಡ ಎರಡು ವರ್ಷದಿಂದ ಅವಳ ಮುಖ ನೋಡಿ ಮಾತಾಡಿದ್ದಿಲ್ಲ. ಏನು ಬೇಕಾದರೂ ತಾಯಿ ಉಮಾಬಾಯಿಯ ಕೈಲಿ ಹೇಳಿಸುತ್ತಿದ್ದ. ಉಮಾಬಾಯಿಯೋ, ಗಂಡು ಹಡೆಯದ ಸೊಸೆಯನ್ನು ನೆರೆಯವರ ಮುಂದೆಯೇ ಆಡಿಕೊಳ್ಳುತ್ತಿದ್ದಳು. ಅಂದು ಬೆಳಿಗ್ಗೆ ಮೂಟೆ ಹೊರುವ ಹಮಾಲರ ಎದುರು ರವಿಕಾಂತ ಚಹಾ ಚೆಲ್ಲಿ, "ಇಕಿಗಿ ಚಹಾ ಮಾಡ್ಲಿಕ್ಕೂ ಬರಂಗಿಲ್ಲ" ಎಂದು ನಕ್ಕ. ಅವರೂ ನಕ್ಕರು.

ಹತ್ತರ ಸುಮಾರಿಗೆ ಓಣಿಗೆ ಕೂದಲು ಕೊಳ್ಳುವ ಹೆಂಗಸು ಬಂದಳು. ಬಾಚುವಾಗ ಉದುರಿದ ಕೂದಲು ಕೊಟ್ಟರೆ ಸ್ಟೀಲಿನ ಬಟ್ಟಲನ್ನೋ ಮಕ್ಕಳಿಗೆ ಫುಗ್ಗಾ ಎಂಬ ಬಲೂನನ್ನೋ ಕೊಡುತ್ತ ಊರೂರು ಅಲೆಯುವ ಜನ. "ಅಂಥಾವ್ರ ಹಂತೇಲಿ ಹೋಗಬ್ಯಾಡ, ಚೀಲದಾಗ ಹಾಕ್ಕೊಂಡು ಹೋಗ್ತಾರ" ಎಂದು ನಿಲಂಗಾದ ತವರಿನಲ್ಲಿ ಉಜ್ವಲಾಳಿಗೆ ಉಣಿಸುವಾಗಲೆಲ್ಲ ಹೇಳಿ ಬೆಳೆಸಿದ್ದರು. ಆ ವಾರವಂತೂ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಿಡಿಯೋ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿತ್ತು.

ಉಜ್ವಲಾ ಹೊಸ್ತಿಲಿಗೆ ಬಂದಾಗ ಆ ಹೆಂಗಸು ಬಗ್ಗಿ ವೈಷ್ಣವಿಯ ಕೈಗೆ ಫುಗ್ಗಾ ಕೊಡುತ್ತಿದ್ದಳು. ಮಗಳು ನಗುತ್ತಿದ್ದಳು. ಬೆಳಗಿನಿಂದ ಒಳಗೆ ಕುದಿಯುತ್ತಿದ್ದುದೆಲ್ಲ ಒಮ್ಮೆಗೇ ಗಂಟಲಿಗೆ ಬಂತು.

"ಮಕ್ಕಳ ಕಳ್ಳಿ! ನನ್ನ ಪೋರಿನ್ನ ಒಯ್ಲತಾಳ!"

ನೋಡನೋಡುತ್ತ ಓಣಿ ತುಂಬಿತು. ಯಾರೋ ಚೀಲ ಕಿತ್ತು ಸುರಿದರು. ಕೂದಲ ಉಂಡೆಗಳೂ ಬಟ್ಟಲುಗಳೂ ಮಣ್ಣಿನಲ್ಲಿ ಹರಡಿದವು. ಯಾರೋ ಜಡೆ ಹಿಡಿದೆಳೆದರು. ಒಂದು ಕಲ್ಲು ಹೆಂಗಸಿನ ಹಣೆಗೆ ಬಿದ್ದು ರಕ್ತ ಇಳಿಯಿತು. ಅಂಗಡಿಯಿಂದ ಓಡಿಬಂದ ರವಿಕಾಂತ ಹೆಂಡತಿಯ ಹೆಗಲು ಹಿಡಿದ.

"ನಮ್ ಉಜ್ವಲಾ ಕಣ್ಣಾರೆ ನೋಡ್ಯಾಳ! ಹೇಳು, ಎಲ್ಲಾರಿಗೂ ಹೇಳು!"

ಅವನು ಅವಳ ಮುಖವನ್ನೇ ನೋಡುತ್ತಿದ್ದ. ಓಣಿಯೆಲ್ಲ ಅವಳ ಮಾತಿಗೆ ಕಾದಿತ್ತು. ಅವಳಿಗೆ ಹಿತವೆನಿಸಿತು. ಹಿತವೆನಿಸಿದ್ದು ತಿಳಿದೊಡನೆ ಮುಖ ತಿರುಗಿಸಿದಳು.

ಹೆಂಗಸು ಅವಳ ಕಾಲಿಗೆ ಬಿದ್ದಳು. "ಬಾಯೀ, ನಾ ಏನ್ ಮಾಡೀನ್ರಿ? ಪೋರಿ ಕೇಳ್ತು, ಕೊಟ್ಟೆ. ನೀವರ ಹೇಳ್ರಿ!"

"ಅವ್ವಾ, ನಾನೇ ಕೇಳೀನಿ" ಎಂದು ವೈಷ್ಣವಿ ಅತ್ತಳು.

"ಬಿಡ್ರಿ ಆಕಿನ್ನ! ನಾ ಸುಳ್ಳ ಹೇಳೀನಿ!" ಉಜ್ವಲಾ ಕೂಗಿದಳು. ಮೊದಲ ಕೂಗು ಕೇಳಿದವರಿಗೆ ಈ ಕೂಗು ಕೇಳಿಸಲಿಲ್ಲ. ಕೇಳಿಸಿದ್ದು ಗಂಡನಿಗೆ ಮಾತ್ರ.

"ಸುಮ್ನಿರು," ಅವನು ಹಲ್ಲು ಕಚ್ಚಿದ. "ಈಗ ಹಿಂಗಂದ್ರ ನಮ್ಮನ್ನ ಹೊಡಿತಾರ."

ಅದು ನಿಜವೆಂದು ಅವಳಿಗೂ ಗೊತ್ತಿತ್ತು. ಜನರ ಕೈಗೆ ಬಡಿಗೆಗಳು ಬಂದಿದ್ದವು. ಅವಳು ಹೆಗಲು ಕೊಡವಿ, ಒಂದು ಕೈಯಲ್ಲಿ ಮಗಳನ್ನೂ ಇನ್ನೊಂದರಲ್ಲಿ ಆ ಹೆಂಗಸನ್ನೂ ಒಳಗೆಳೆದು, ಗಂಡನನ್ನು ಹೊರಗೇ ಬಿಟ್ಟು ಅಗಳಿ ಹಾಕಿದಳು.

"ಯಾವಾಕಿನೋ ಏನೋ, ಮನಿಯಾಗ ತಂದಿ!" ಒಳಗಿದ್ದ ಉಮಾಬಾಯಿ ಚೀರಿದಳು. ಉಜ್ವಲಾ ಕದಕ್ಕೆ ಒರಗಿ ನಿಂತು ಪೊಲೀಸರಿಗೆ ಫೋನ್ ಹಚ್ಚಿದಳು. ಪ್ರತಿ ಹೊಡೆತಕ್ಕೂ ಕದದ ಹಲಗೆ ಅವಳ ಬೆನ್ನಿಗೆ ಬಡಿಯುತ್ತಿತ್ತು. ಹೊರಗೆ ದಿನಾ ಮಾತಾಡಿಸುವ ನೆರೆಯವರದೇ ದನಿಗಳು, ಅವಳ ಹೆಸರು ಹಿಡಿದೇ ಬೈಯುತ್ತಿದ್ದವು. ಪೊಲೀಸರು ಬರಲು ಅರ್ಧ ತಾಸಾಯಿತು. ಅವರ ಮುಂದೆ ಅವಳು ತನ್ನ ತಪ್ಪನ್ನು ಹೇಳಿ, ಬರೆಸಿ, ಸಹಿ ಹಾಕಿದಳು.

ಅಂದಿನಿಂದ ರವಿಕಾಂತ ತಾಯಿಯ ಕೈಲೂ ಏನನ್ನೂ ಹೇಳಿಸಲಿಲ್ಲ. ಓಣಿಯಲ್ಲಿ ವೈಷ್ಣವಿಯೊಂದಿಗೆ ಆಡಲು ಮಕ್ಕಳು ಬರಲಿಲ್ಲ.

ಮೂರನೆಯ ದಿನ ಉಜ್ವಲಾ, ಪೊಲೀಸರು ಆ ಹೆಂಗಸನ್ನು ಸೇರಿಸಿದ್ದ ಉಮರ್ಗಾದ ಆಸ್ಪತ್ರೆಗೆ ಹೋದಳು. ಹೆಂಗಸಿನ ಹೆಸರು ದ್ರೌಪದಿ ಎಂದು ಅಲ್ಲಿಯೇ ತಿಳಿಯಿತು. ಹಣೆಗೆ ಹೊಲಿಗೆ ಬಿದ್ದಿತ್ತು. ಪಕ್ಕದಲ್ಲಿ ಅವಳದೇ ಎಳೆಗೂಸೊಂದು ಮಲಗಿತ್ತು.

"ತಂಗೀ..." ಎಂದಳು ಉಜ್ವಲಾ.

ದ್ರೌಪದಿ ಕಣ್ಣು ತೆರೆದು ನೋಡಿದವಳೇ ಕೂಸನ್ನು ಎದೆಗವಚಿಕೊಂಡು ಗೋಡೆಗೆ ಸರಿದಳು. "ಸಿಸ್ಟರ್! ಸಿಸ್ಟರ್! ಆಕಿ ಬಂದಾಳ!"

ವಾರ್ಡಿನವರೆಲ್ಲ ತಿರುಗಿ ನೋಡಿದರು. ಹೆದರಬ್ಯಾಡ್ರಿ ಎನ್ನುತ್ತ ಉಜ್ವಲಾ ಬಾಗಿಲಿನತ್ತ ಹಿಂದೆ ಸರಿದಳು.