ಸಿಪಿಯುವಿನೊಡನೆ ಜಗಳ

ಮಾತು ಬಿಟ್ಟ ಮನೆಗಳ ನಡುವೆ ಒಂದು ರೂಢಿ ಉಂಟು: ಹೇಳಲೇಬೇಕಾದದ್ದನ್ನು ಮೂರನೆಯವರಿಗೆ ಹೇಳುವುದು. ಸಿದ್ದಾಪುರ ಪೇಟೆಯಲ್ಲಿ ಉಲ್ಲಾಸನ ಕಂಪ್ಯೂಟರ್ ಅಂಗಡಿಗೆ ಪರಿಮಳಾ ಹೋದಾಗ ಅಲ್ಲಿ ಮೂರನೆಯವರು ಯಾರೂ ಇರಲಿಲ್ಲ. ಸರಿ, ಸಿಪಿಯು ಡಬ್ಬಿಗೇ ಹೇಳಿದಳು.

“ಈ ಹಾರ್ಡ್ ಡಿಸ್ಕಲ್ಲಿ ಅಜ್ಜಿ ಹೇಳಿದ ಕಥೆ ಇದ್ದು. ಯನ್ನ ಲ್ಯಾಪ್‌ಟಾಪಲ್ಲಿ ತೆರೀತಿಲ್ಲೆ. ಬೇರೆ ಕಾಪಿ ಇಲ್ಲೆ.”

ಉಲ್ಲಾಸ ಅವಳ ಸೋದರತ್ತೆಯ ಮಗ. ಅಜ್ಜಿ ಹಾಸಿಗೆ ಹಿಡಿದ ಸುದ್ದಿಯನ್ನು ವಾನಳ್ಳಿಯ ಪರಿಮಳಾಳ ಮನೆಯವರು ತಿಳಿಸಲೇ ಇಲ್ಲ, ತನ್ನ ತಾಯಿಗೆ ಹೆತ್ತವ್ವನ ಕೊನೆಯ ಮಾತೂ ಸಿಗಲಿಲ್ಲ ಎಂಬ ಉರಿ ಅವನದು.

“ಕೇಳಿದ್ಯ ಮಾರಾಯ?” ಅವನೂ ಸಿಪಿಯುವನ್ನೇ ಮಾತಾಡಿಸಿದ. “ಅಜ್ಜಿ ಇಪ್ಪಕಾದ್ರೆ ಫೋನ್ ಮಾಡಲೆ ಪುರಸೊತ್ತಿತ್ತಿಲ್ಲೆ. ಈಗ ದಾರಿ ಗೊತ್ತಾತು!”

ಅಜ್ಜಿಯ ಕಥೆಯ ರಾಕ್ಷಸನ ಜೀವ ಗಿಳಿಯೊಳಗೆ ಇರುತ್ತಿತ್ತು. ತನ್ನದು ಈ ಕರಿ ಡಿಸ್ಕಿನೊಳಗೆ, ಅದೂ ವೈರಿಯ ಅಂಗೈಯಲ್ಲಿ ಎನಿಸಿತು ಪರಿಮಳಾಳಿಗೆ.

ಅವನು ಡಿಸ್ಕಿನ ವಯರನ್ನು ಸಿಪಿಯು ಡಬ್ಬಿಯ ಎದುರಿನ ಕಿಂಡಿಗೆ ತುರುಕಿದ. ಡಿಸ್ಕಿನೊಳಗೆ ಕಟಕಟ ಸದ್ದು. ಪರದೆಯ ಮೇಲೆ ಪ್ರಶ್ನೆ ಮೂಡಿತು: ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ? ಮಾಡಿದರೆ ಒಳಗಿನದೆಲ್ಲ ಅಳಿದೀತು. ಬಾಣದ ಗುರುತು ಮೆಲ್ಲಗೆ ‘ಫಾರ್ಮ್ಯಾಟ್’ ಎಂಬ ಗುಂಡಿಯತ್ತಲೇ ಸರಿಯಿತು.

“ಮುಟ್ಟಡ ಭಾವಾ!” ಪರಿಮಳಾ ಅವನ ಕೈ ಹಿಡಿದೆಳೆದಳು.

ಉಲ್ಲಾಸ ನಕ್ಕ. ಒಳ್ಳೆಯ ನಗೆಯಲ್ಲ. “ಓಹೋ, ಬಾಯಿ ಬಂತು! ಮುಂದಿನ ಕಿಂಡಿಲಿ ಕರೆಂಟ್ ಸಾಕಾಗ್ತಿಲ್ಲೆ, ಅಷ್ಟೇಯ.”

“ಗೊತ್ತಿದ್ದೂ ಹೆದರಿಸಿದ್ಯ? ಥೂ, ನಿನ್ನ ಜನ್ಮಕ್ಕಷ್ಟು!”

“ಯನ್ನ ಆಯಿ ಅತ್ತಿದ್ದು ಇದಕ್ಕಿಂತ ಹೆಚ್ಚು.”

ವಯರನ್ನು ಕಿತ್ತು, ಬಗ್ಗಿ ಹಿಂಬದಿಯ ಕಿಂಡಿಗೆ ಚುಚ್ಚಿದ. ಕಟಕಟ ನಿಂತಿತು. ಒಂದು ಕಡತ ತೆರೆದದ್ದೇ ಸ್ಪೀಕರಿನಿಂದ ಅಜ್ಜಿ ಗದರಿದಳು: “ಹೂಂ ಅನ್ನವು. ಇಲ್ದೇ ಹೋದ್ರೆ ಆನು ಕಥೆ ಹೇಳ್ತಿಲ್ಲೆ.”

ಇಬ್ಬರ ತುಟಿಯೂ ಅಲುಗಿತು. ಹೂಂ ಎಂದವರಿಲ್ಲ. ಉಲ್ಲಾಸ ದನಿಯನ್ನು ನಿಲ್ಲಿಸಿ, ಕಡತಗಳನ್ನೆಲ್ಲ ಒಟ್ಟಿಗೆ ಹಿಡಿದು ತನ್ನ ಕಂಪ್ಯೂಟರಿಗೆ ಎಳೆದುಕೊಂಡ.

“ಅದೆಂತ ಮಾಡ್ತೆ?”

“ಕಾಪಿ. ಆಯಿಗೆ.”

“ಕೇಳದೇಯ? ಕಳ್ಳ!”

“ಕೇಳಿದ್ರೆ ಕೊಡ್ತಿದ್ಯ?”

ಕೊಡುತ್ತಿರಲಿಲ್ಲ. ಅವಳು ಸಿಪಿಯುವಿನ ಹಿಂದೆ ಕೈ ಹಾಕಿ ವಯರನ್ನು ಹಿಡಿದಳು.

“ಎಳಿ ನೋಡನ,” ಅಂದ ಉಲ್ಲಾಸ. “ಮಧ್ಯದಲ್ಲಿ ಎಳೆದ್ರೆ ಡಿಸ್ಕೇ ಹಾಳಾಗ್ತು. ಇಬ್ರಿಗೂ ಇಲ್ಲೆ.”

ಪರದೆಯ ಮೇಲೆ ಹಸಿರು ಪಟ್ಟಿ ತೆವಳುತ್ತಿತ್ತು. ಅದು ತುಂಬುವವರೆಗೂ ಪರಿಮಳಾ ವಯರು ಹಿಡಿದೇ, ಅವನ ಮುಖ ನೋಡದೆ, ಕುಕ್ಕರಗಾಲಿನಲ್ಲಿ ಕೂತಿದ್ದಳು.