ಒಂಬತ್ತು ಮೀನಿನ ತೊಟ್ಟಿ

ಬಾನ್ ಪೋಂಗ್ ಪೇಟೆಯಲ್ಲಿ ಮನೆಯ ಮೀನು ಸತ್ತರೆ ಯಾರೂ ಮುಖ ಸಪ್ಪಗೆ ಮಾಡಿಕೊಳ್ಳುವುದಿಲ್ಲ. ಕೈ ಮುಗಿಯುತ್ತಾರೆ. ಮನೆಯವರಿಗೆ ಬರಬೇಕಿದ್ದ ಪೀಡೆಯನ್ನು ಮೀನು ತನ್ನ ಮೇಲೆ ಹಾಕಿಕೊಂಡು ಹೋಯಿತು ಎನ್ನುತ್ತಾರೆ. ಸತ್ತದ್ದನ್ನು ಬಾಳೆಯ ಬುಡದಲ್ಲಿ ಹೂತು, ಭಾನುವಾರದ ಮೀನಿನ ಸಂತೆಯಿಂದ ಇನ್ನೊಂದು ತಂದು ಬಿಡುತ್ತಾರೆ. ಅದೂ ಸಾಯುತ್ತದೆ. ಮತ್ತೆ ಕೈ ಮುಗಿಯುತ್ತಾರೆ. ಯಾಕೆ ಸತ್ತಿತು ಎಂದು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ. ಬೀದಿಗೊಬ್ಬರು ಮೀನು ಸಾಕಿ ಮಾರುವ ಊರಿನಲ್ಲೇ ಈ ಗತಿ.

ರೈಲು ನಿಲ್ದಾಣದ ಎದುರು ಗಂಜಿ ಅಂಗಡಿ ನಡೆಸುವ ಲಮ್ಯೈ ಕೂಡ ಹೀಗೆ ಕೈ ಮುಗಿದವಳೇ. ಅದೂ ಒಂದೆರಡು ಸಲವಲ್ಲ.

ಅವಳ ಅಪ್ಪ ಪ್ರಸೋಪ್ ನಲವತ್ತು ವರ್ಷ ಹಿತ್ತಿಲಿನ ಸಿಮೆಂಟ್ ತೊಟ್ಟಿಗಳಲ್ಲಿ ಮೀನು ಬೆಳೆಸಿದವರು. ಅದರಲ್ಲೂ ಮುತ್ತಿನ ಗೌರಾಮಿ ಎಂದರೆ ಅವರಿಗೆ ಪ್ರಾಣ. ಮೈತುಂಬ ಬಿಳಿ ಚುಕ್ಕಿ, ಗಂಡಿಗೆ ಕಿತ್ತಳೆ ಬಣ್ಣದ ಕೊರಳು, ಹೊಟ್ಟೆಯ ಕೆಳಗೆ ನೂಲಿನಂಥ ಎರಡು ಎಳೆ. ಆ ಎಳೆಗಳಿಂದ ತಡವಿಕೊಂಡೇ ಅದು ನೀರಿನಲ್ಲಿ ಓಡಾಡುತ್ತದೆ. ಬಲು ಸಾಧು ಪ್ರಾಣಿ. ಹೋದ ವರ್ಷ ಪ್ರಸೋಪರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು. ಮಾತೂ ಹೋಯಿತು. ಹಿತ್ತಿಲಿನ ತೊಟ್ಟಿಗಳು ಬರಿದಾದವು. ಅವರು ವರ್ಷಗಟ್ಟಲೆ ಆರಿಸಿ ಉಳಿಸಿಕೊಂಡು ಬಂದಿದ್ದ ತಳಿಯಲ್ಲಿ ಆರೇ ಆರು ಮೀನು ಅಂಗಡಿಯ ಗಾಜಿನ ತೊಟ್ಟಿಗೆ ಬಂದವು. ಅದರ ಮುಂದೆ ಬೆತ್ತದ ಕುರ್ಚಿ ಹಾಕಿ ಕೂರಿಸಿದರೆ ಮುದುಕರು ಸಂಜೆಯವರೆಗೂ ಕಣ್ಣು ಕೀಳುತ್ತಿರಲಿಲ್ಲ. ಮೀನು ನೋಡುತ್ತ ಎರಡು ಚಮಚ ಗಂಜಿ ಹೆಚ್ಚಿಗೆ ಉಣ್ಣುತ್ತಿದ್ದರು.

ಅಪ್ಪ ಮತ್ತೆ ಮಾತಾಡಬೇಕು ಎಂಬುದೊಂದೇ ಲಮ್ಯೈಯ ಆಸೆ. ಆ ಆಸೆಗೆ ತಪ್ಪು ಹೇಳುವುದಕ್ಕಾಗುವುದಿಲ್ಲ. ಆದರೆ ಅವಳು ತೊಟ್ಟಿಯಲ್ಲಿ ಆರು ಮೀನು ಕಂಡಳು. ಒಂಬತ್ತಿದ್ದರೆ ಶುಭ ಎಂದು ಊರಿಗೆಲ್ಲ ಗೊತ್ತು. ಅಪ್ಪ ಹುಟ್ಟಿದ್ದು ಭಾನುವಾರ, ಭಾನುವಾರದ ಬಣ್ಣ ಕೆಂಪು. ಸಂತೆಗೆ ಹೋಗಿ ಬೆರಳುದ್ದದ ಕೆಂಪು ಫ್ಲವರ್‌ಹಾರ್ನ್ ಒಂದನ್ನು ಆರಿಸಿದಳು. ಅದರ ಹಣೆ ಉಬ್ಬಿದ ಹಾಗೆಲ್ಲ ಮನೆಯ ಅದೃಷ್ಟವೂ ಉಬ್ಬುತ್ತದೆ ಎಂದು ಮಾರುವವನು ಹೇಳಿದ. ಚಂದ ಕಂಡಿತೆಂದು ಕಪ್ಪು ಪಟ್ಟೆಯ ಎರಡು ಬಾರ್ಬ್ ಮೀನನ್ನೂ ಕಟ್ಟಿಸಿಕೊಂಡಳು. ಒಂಬತ್ತಾಯಿತು.

ಅವನ್ನು ತೊಟ್ಟಿಗೆ ಬಿಟ್ಟಾಗ ಪ್ರಸೋಪ್ ಎಡಗೈಯಿಂದ ಪಕ್ಕದ ಮೇಜನ್ನು ದಬದಬ ಬಡಿದರು. ಅಪ್ಪನಿಗೆ ಖುಷಿಯಾಗಿದೆ ಎಂದುಕೊಂಡಳು ಲಮ್ಯೈ. ಗಿರಾಕಿಗಳಿಗೂ ತೋರಿಸಿದಳು.

ಮೊದಲು ಗೌರಾಮಿಗಳ ಎಳೆಗಳು ತುಂಡಾದವು. ಆಮೇಲೆ ಬಾಲ ಹರಿಯಿತು. ಇಪ್ಪತ್ತನೆಯ ದಿನಕ್ಕೆ ಒಂದು ಹೆಣ್ಣು ಗೌರಾಮಿ ಹೊಟ್ಟೆ ಮೇಲಾಗಿ ತೇಲಿತು. ಲಮ್ಯೈ ಕೈ ಮುಗಿದು, ಅಪ್ಪನ ಒಂದು ಪೀಡೆ ಕಳೆಯಿತು ಎಂದು ಅವರ ಕಿವಿಯ ಹತ್ತಿರ ಹೇಳಿದಳು. ಮುದುಕರ ಕಣ್ಣಲ್ಲಿ ನೀರು ಬಂತು. ಲಕ್ವ ಹೊಡೆದವರಿಗೆ ಸುಮ್ಮಸುಮ್ಮನೆ ಅಳು ಬರುತ್ತದೆ ಎಂದು ಯಾರೋ ಹೇಳಿದ್ದರು, ಒರೆಸಿದಳು. ಭಾನುವಾರ ಬಂದಾಗ ಸಂತೆಯಿಂದ ಇನ್ನೊಂದು ಮೀನು ತಂದು ಒಂಬತ್ತು ಮಾಡಿದಳು. ಹೀಗೇ ನಡೆಯಿತು. ನಾಲ್ಕೈದು ತಿಂಗಳಿಗೆ ಫ್ಲವರ್‌ಹಾರ್ನ್ ಅಂಗೈಯಗಲ ಬೆಳೆದು ತೊಟ್ಟಿಗೆಲ್ಲ ತಾನೇ ಯಜಮಾನನಾಯಿತು. ಪ್ರಸೋಪರ ಬಡಿತ ಜೋರಾಯಿತು. ಮೇಜಿನ ಮೇಲೆ ಬಟ್ಟಲುಗಳು ಕುಣಿಯುತ್ತಿದ್ದವು. ಅವರು ಉದ್ವೇಗಪಡಬಾರದು ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಲಮ್ಯೈ ಕುರ್ಚಿಯನ್ನು ರಸ್ತೆಯ ಕಡೆಗೆ ತಿರುಗಿಸಿಬಿಟ್ಟಳು.

ಬಡಿತ ನಿಂತಿತು. ಊಟವೂ ಅರ್ಧಕ್ಕೆ ಇಳಿಯಿತು.

ಒಂದು ಗುರುವಾರ ರಕ್ತದೊತ್ತಡ ನೋಡುವುದಕ್ಕೆ ನುವಾನ್ ಬಂದಳು. ಆರೋಗ್ಯ ಕೇಂದ್ರದ ಸ್ವಯಂಸೇವಕಿ. ಮದುವೆಗೆ ಮುಂಚೆ ಹತ್ತು ವರ್ಷ ಪ್ರಸೋಪರ ತೊಟ್ಟಿಗಳಲ್ಲೇ ಕೆಲಸ ಮಾಡಿದವಳು. ಮುದುಕರ ತೋಳಿಗೆ ಪಟ್ಟಿ ಸುತ್ತುತ್ತ, ಕುರ್ಚಿ ಯಾಕೆ ಹೀಗಿದೆ ಎಂದು ಕೇಳಿದಳು. ಮೀನು ಕಂಡರೆ ಗಲಾಟೆ ಮಾಡುತ್ತಾರೆ, ಬಸ್ಸು ಲಾರಿ ನೋಡಿಕೊಂಡಿರಲಿ ಎಂದಳು ಲಮ್ಯೈ. ನುವಾನ್ ತೊಟ್ಟಿಯ ಹತ್ತಿರ ಹೋಗಿ ಬಗ್ಗಿದಳು. ಹಿಂದಿನ ಎರಡು ಭಾನುವಾರ ಲಮ್ಯೈಗೆ ಸಂತೆಗೆ ಹೋಗಲಾಗಿರಲಿಲ್ಲ; ಮೂರೇ ಮೀನು ಉಳಿದಿದ್ದವು. ನಡುವೆ ಫ್ಲವರ್‌ಹಾರ್ನ್. ಮೂಲೆಯಲ್ಲಿ ಒಂದು ಬಾರ್ಬ್. ಫಿಲ್ಟರ್ ಕೊಳವೆಯ ಹಿಂದೆ, ಎಳೆಯಿಲ್ಲದೆ, ಬಾಲವಿಲ್ಲದೆ, ಕಿತ್ತಳೆ ಕೊರಳಿನ ಗಂಡು ಗೌರಾಮಿ.

"ಲಮ್ಯೈ, ಈ ಕೆಂಪು ಮೀನು ಒಂಟಿಯಾಗೇ ಇರ್ಬೇಕಾದ್ದು ಕಣೆ. ತನ್ನ ಜಾತಿಯದನ್ನೇ ಹತ್ರ ಸೇರ್ಸಲ್ಲ."

"ತಂದಾಗ ಬೆರಳಷ್ಟಿತ್ತು ಅಕ್ಕ."

"ತಂದಾಗ ಎಲ್ಲಾನೂ ಬೆರಳಷ್ಟೇ ಇರತ್ತೆ. ಬೆಳೆದ್ರೆ ಎಷ್ಟಾಗತ್ತೆ ಅಂತ ಕೇಳ್ಬೇಕಿತ್ತು."

ಪಟ್ಟೆಯ ಮೀನಿನ ಕಥೆಯನ್ನೂ ನುವಾನ್ ಹೇಳಿದಳು. ಅದು ಕೆಟ್ಟದ್ದಲ್ಲ. ಆರೆಂಟು ಜೊತೆಗಿದ್ದರೆ ತಮ್ಮತಮ್ಮಲ್ಲೇ ಅಟ್ಟಿಸಿಕೊಂಡು ಆಡಿಕೊಂಡಿರುತ್ತವೆ. ಎರಡೇ ಬಿಟ್ಟರೆ ಸಿಕ್ಕವರ ಮೇಲೆ ಬೀಳುತ್ತವೆ. ಉದ್ದ ಎಳೆ, ಉದ್ದ ರೆಕ್ಕೆಯ ಸಾಧು ಮೀನಿನ ಜೊತೆಗಂತೂ ಅವನ್ನು ಬಿಡಲೇಬಾರದು. ಲಮ್ಯೈ ಸೌಟು ಕೆಳಗಿಡದೆ ಕೇಳಿಸಿಕೊಂಡಳು. ಒಪ್ಪಲಿಲ್ಲ.

"ಸತ್ತಿದ್ದು ಒಳ್ಳೇದಕ್ಕೇ ಅಕ್ಕ. ಅಪ್ಪನ ಪೀಡೆ ಹೊತ್ಕೊಂಡು ಹೋದ್ವು."

"ಎಷ್ಟು ಸತ್ವು?"

"ಹದಿನಾಲ್ಕು."

"ಹದಿನಾಲ್ಕು ಪೀಡೆ ಕಳೆದ್ಮೇಲೆ ನಿಮ್ಮಪ್ಪ ಎಷ್ಟು ಮಾತಾಡಿದ್ರು?"

ಲಮ್ಯೈ ಗಂಜಿ ಕಲಕತೊಡಗಿದಳು. ಅಪ್ಪನನ್ನೇ ಕೇಳೋಣ ಬಾ ಎಂದಳು ನುವಾನ್. ಮಾತು ಬಾರದವರನ್ನು ಕೇಳುವುದೇನು ಎಂದು ಲಮ್ಯೈ ಸಿಡುಕಿದಳು.

"ಬಿದ್ದಿರೋದು ನಾಲಿಗೆ. ತಲೆ ಅಲ್ಲ."

ನುವಾನ್ ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ದೊಡ್ಡಪ್ಪ, ಹೌದು ಅಂದ್ರೆ ಒಂದ್ಸಲ ತಟ್ಟಿ. ಇಲ್ಲ ಅಂದ್ರೆ ಎರಡ್ಸಲ. ಇವನ್ನೆಲ್ಲ ಒಟ್ಟಿಗೆ ಬಿಡಬಹುದಾ?"

ಎಡಗೈ ಮೆಲ್ಲಗೆ ಎದ್ದಿತು. ಕುರ್ಚಿಯ ತೋಳನ್ನು ಎರಡು ಸಲ ತಟ್ಟಿತು.

"ಇಷ್ಟು ದಿನ ಮೇಜು ಬಡಿದು ಇದನ್ನೇ ಹೇಳ್ತಿದ್ರಾ?"

ಒಂದೇ ಸಲ ತಟ್ಟಿ ಕೈ ಅಲ್ಲೇ ನಿಂತಿತು. ಲಮ್ಯೈ ಸೌಟು ಕೆಳಗಿಟ್ಟಳು. ನಲವತ್ತು ವರ್ಷ ಮೀನಿನ ಜೊತೆ ಬದುಕಿದ ಮನುಷ್ಯ ತಿಂಗಳುಗಟ್ಟಲೆ ಕೂಗಿ ಹೇಳುತ್ತಿದ್ದರು. ಮಗಳು ಅದನ್ನು ಮೊದಲು ಖುಷಿ ಎಂದಳು, ಆಮೇಲೆ ಹಠ ಎಂದಳು, ಕೊನೆಗೆ ಮುಖವನ್ನೇ ತಿರುಗಿಸಿದಳು.

ಗಂಡು ಗೌರಾಮಿಯನ್ನು ಬೇರೆ ಬಕೀಟಿಗೆ ಹಾಕಿದರು. ಎರಡು ದಿನ ಬದುಕಿತು. ಸತ್ತಾಗ ಲಮ್ಯೈಯ ಕೈಗಳು ರೂಢಿಯಂತೆ ಮೇಲೆದ್ದವು. ಅಪ್ಪನ ಮುಖ ನೋಡಿ ಇಳಿಸಿದಳು. ಅದರೊಂದಿಗೆ ಅವರ ತಳಿ ಮುಗಿಯಿತು.

ಫ್ಲವರ್‌ಹಾರ್ನನ್ನು ಬೌದ್ಧ ವಿಹಾರದ ಕೊಳಕ್ಕೆ ಬಿಟ್ಟು ಪುಣ್ಯ ಕಟ್ಟಿಕೊಳ್ಳೋಣ ಎಂದಳು ಲಮ್ಯೈ. ಇಲ್ಲಿ ಮಾಡಿದ್ದನ್ನೇ ಅದು ಅಲ್ಲಿಯೂ ಮಾಡುತ್ತದೆ, ಅದು ಪುಣ್ಯವಲ್ಲ ಎಂದು ನುವಾನ್ ತಡೆದಳು. ಆ ಜಾತಿಯನ್ನು ಒಂಟಿಯಾಗಿ ಸಾಕುವವರೊಬ್ಬರು ಬಂದು ಒಯ್ದರು. ಬಾರ್ಬ್, ಗುಂಪಿರುವ ಇನ್ನೊಂದು ತೊಟ್ಟಿಗೆ ಸೇರಿತು.

ಆಮೇಲೆ ಪ್ರತಿಯೊಂದನ್ನೂ ಪ್ರಸೋಪರನ್ನೇ ಕೇಳಿದರು. ಅಂಗಳದ ದೊಡ್ಡ ಮಣ್ಣಿನ ಜಾಡಿಯ ಮಳೆನೀರು ಬೆರೆಸಬೇಕಾ? ಒಂದು. ಸಣ್ಣ ರಾಸ್ಬೋರಾ ಮೀನು ಎರಡು ಸಾಕಾ? ಎರಡು ತಟ್ಟು. ಎಂಟು ಬೇಕಾ? ಒಂದು. ತಳದಲ್ಲಿ ಓಡಾಡಿಕೊಂಡಿರುವ ಹಾವುಮೀನಿನಂಥ ಪುಟ್ಟ ಲೋಚ್ ಅವಕ್ಕೆ ಹೊಂದುತ್ತವಾ? ಒಂದು. ಎಲ್ಲವೂ ಮೆತ್ತನೆಯ ನೀರಿನವು, ಬೆಚ್ಚಗಿನ ನೀರಿನವು, ಒಂದರ ಬಾಯಿಗೆ ಇನ್ನೊಂದು ಹಿಡಿಸದಂಥವು. ಬೇರೆಯವರಿಂದ ಮುತ್ತಿನ ಗೌರಾಮಿ ತರೋಣವಾ ಎಂದು ಲಮ್ಯೈ ಕೇಳಿದಳು. ತಮ್ಮ ತಳಿಯಲ್ಲದ್ದು ಅವರಿಗೆ ಬೇಡವಾಗಿತ್ತು, ಎರಡು ಸಲ ತಟ್ಟಿದರು. ಇಷ್ಟನ್ನೂ ಅವರು ರಸ್ತೆಯ ಕಡೆ ಮುಖ ಮಾಡಿಕೊಂಡೇ ಹೇಳಿದರು.

ಈಗ ಮೂರು ತಿಂಗಳಾಯಿತು. ತೊಟ್ಟಿಯಲ್ಲಿ ಒಂದು ಮೀನೂ ಸತ್ತಿಲ್ಲ. ಎಷ್ಟಿವೆ ಎಂದು ಲಮ್ಯೈ ಎಣಿಸುವುದೂ ಇಲ್ಲ. ಗಂಜಿಗೆ ಬಂದವರು ಬಟ್ಟಲು ಹಿಡಿದು ನಿಂತು ನೋಡುತ್ತಾರೆ. ದಿನಾ ಬೆಳಿಗ್ಗೆ ಅವಳು ಅಪ್ಪನ ಮುಂದೆ ಕೂತು, "ಅಪ್ಪ, ಮೀನಿನ ಕಡೆ ತಿರುಗಿಸ್ಲಾ?" ಎಂದು ಕೇಳುತ್ತಾಳೆ. ಅವರು ಬೇಡ ಎಂದು ಎರಡು ಸಲ ತಟ್ಟುತ್ತಾರೆ.

ನಿಮ್ಮ ಮನೆಯಲ್ಲೂ ಗಾಜಿನ ತೊಟ್ಟಿ ಇರಬಹುದು, ಇಡುವ ಆಸೆ ಇರಬಹುದು. ಬಣ್ಣ ನೋಡಿ, ಶುಭ ನೋಡಿ ಮೀನು ತರಬೇಡಿ. ಬೆಳೆದರೆ ಎಷ್ಟಾಗುತ್ತದೆ, ಯಾರನ್ನು ಕಚ್ಚುತ್ತದೆ, ಎಂಥ ನೀರು ಬೇಕು, ಒಂಟಿ ಬಾಳುತ್ತದೋ ಗುಂಪು ಬೇಕೋ ಎಂದು ವಿಚಾರಿಸಿ. ಹೊಂದದ ಮೀನನ್ನು ಕೆರೆಗೆ, ಹೊಳೆಗೆ ಬಿಡಬೇಡಿ. ಒಂದು ಸತ್ತರೆ, ಇನ್ನೊಂದು ತರುವ ಮುಂಚೆ ಯಾಕೆ ಸತ್ತಿತು ಎಂದು ಕೇಳಿ. ತಿಳಿದವರು ಮನೆಯಲ್ಲೇ ಇದ್ದರೆ ಮೊದಲು ಅವರನ್ನು ಕೇಳಿ. ಲಮ್ಯೈ ಈಗ ದಿನವೂ ಕೇಳುತ್ತಾಳೆ.